ಹೈಬ್ರಿಡ್ ಭತ್ತದ ಕಾಳನ್ನು ಬೀಜಕ್ಕೆ ಎತ್ತಿಡಬೇಡಿ

ಗುಂಪಿನ ಎಲ್ಲರಿಗೂ ನಮಸ್ಕಾರ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವ ಮೊದಲು ಕಾರಟಗಿ, ಸಿಂಧನೂರು ಕಡೆಯ ಸದಸ್ಯರು ಇದನ್ನು ಓದಲೇಬೇಕು. ಹೈಬ್ರಿಡ್ ಭತ್ತ ಎಷ್ಟೇ ಚೆನ್ನಾಗಿ ಬಂದಿರಲಿ, ಅದರ ಕಾಳನ್ನು ಬಿತ್ತನೆಗೆ ಉಳಿಸಬೇಡಿ.

ಭತ್ತದ ಒಂದೇ ಹೂವಿನಲ್ಲಿ ಗಂಡು, ಹೆಣ್ಣು ಭಾಗಗಳೆರಡೂ ಇರುವುದರಿಂದ ಅದು ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ಹಾಗಾಗಿ ಎರಡು ತಳಿಗಳನ್ನು ಬೆರೆಸಿ ಮಾಡುವ ಹೈಬ್ರಿಡ್ ಬೀಜಕ್ಕೆ ಸಾಮಾನ್ಯವಾಗಿ ಪರಾಗ ಬಂಜೆಯಾದ ತಾಯಿಸಾಲನ್ನು (ತಾಯಿ ತಳಿಯನ್ನು) ಬಳಸುತ್ತಾರೆ. ಆ ಬಂಜೆತನವನ್ನು ನೀಗಿಸುವ ಜೀನ್ ತಂದೆಸಾಲಿನಿಂದ ಬರುತ್ತದೆ. ಮೊದಲ ಪೀಳಿಗೆಯ ಪ್ರತಿ ಗಿಡಕ್ಕೂ ಅದು ಸಿಕ್ಕಿರುತ್ತದೆ, ಹೊಲ ಒಂದೇ ಸಮನಾಗಿ ತೂಗುತ್ತದೆ. ಮುಂದಿನ ಪೀಳಿಗೆಯಲ್ಲಿ, ಅಂದರೆ ಎತ್ತಿಟ್ಟ ಕಾಳಿನಿಂದ ಬಂದ ಬೆಳೆಯಲ್ಲಿ, ಜೀನ್‌ಗಳು ಬೇರೆ ಬೇರೆಯಾಗಿ ಹಂಚಿಹೋಗುತ್ತವೆ. ಒಂದು ಗಿಡ ಹಾಲುಗಾಳಿನಲ್ಲಿದ್ದರೆ ಪಕ್ಕದ್ದು ಇನ್ನೂ ಹೊಡೆ ಬಿಟ್ಟಿರುವುದಿಲ್ಲ. ಆ ಜೀನ್ ದಕ್ಕದ ಗಿಡಗಳ ತೆನೆ ಹಿಚುಕಿ ನೋಡಿ, ಬರೀ ಜೊಳ್ಳು. ಗೊಬ್ಬರದಿಂದ ಇದು ಸರಿಹೋಗುವುದಿಲ್ಲ.

ಬಿಪಿಟಿ 5204 (ಸಾಂಬಾ ಮಸೂರಿ) ಭತ್ತದ ಮಾತು ಬೇರೆ. ಅದು ಪೀಳಿಗೆಯಿಂದ ಪೀಳಿಗೆಗೆ ಗುಣ ಬದಲಾಗದ ಸ್ಥಿರ ತಳಿ. ಬೆರಕೆ ಗಿಡ ಕಿತ್ತು, ಶುದ್ಧವಾಗಿ ಒಕ್ಕಿ ಒಣಗಿಸಿದರೆ ಅದರ ಕಾಳನ್ನು ಬೀಜಕ್ಕೆ ಇಡಬಹುದು.

ಈಗಾಗಲೇ ಹೈಬ್ರಿಡ್ ಕಾಳನ್ನು ಸಸಿಮಡಿಗೆ ಹಾಕಿದವರು ಸಂಕೋಚ ಬಿಟ್ಟು ನಾಟಿಗೆ ಮೊದಲೇ ಇಲ್ಲಿ ತಿಳಿಸಿ. ಹೆಚ್ಚುವರಿ ಸಸಿ ಇರುವವರೂ ದಯವಿಟ್ಟು ಹೇಳಿ.