ಕೆಳಮನೆ ಅಜ್ಜನಿಗೆ

ನಮ್ಮ ಮನೆಗೆ ಜೇನುಪೆಟ್ಟಿಗೆ ಬಂದು ಮೊನ್ನೆಗೆ ವರ್ಷ ತುಂಬಿತು. ಇರುವುದು ಒಂದೇ ಪೆಟ್ಟಿಗೆ, ಒಂದೇ ತುಡುವೆ ಕುಟುಂಬ. ತುಡುವೆ ಅಂದ್ರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು, ಕುಟುಂಬ ಅಂದ್ರೆ ಒಂದು ರಾಣಿ ಮತ್ತು ಅವಳ ಹುಳಗಳು. ಇದನ್ನು ದೊಡ್ಡದು ಮಾಡಿ ಹೇಳಿಕೊಳ್ಳೋಕೆ ನಾಚಿಕೆ. ಆದರೆ ಈ ವರ್ಷ ನಮಗೆ ಹೇಗೆ ಹೋಯಿತು ಅನ್ನೋದು ನಿಮಗೆಲ್ಲ ಗೊತ್ತು. ಅಮ್ಮನ ಕಾಯಿಲೆಯ ಕಥೆ ಮತ್ತೆ ಬರೆಯುವುದಿಲ್ಲ.

ಹೊಸನಗರದ ಕಡೆಯಿಂದ ಕುಟುಂಬ ತಂದು ತುಂಬಿಸಿಕೊಟ್ಟವರಿಗೆ, ಮುರಿದ ಪೆಟ್ಟಿಗೆಯನ್ನು ದುಡ್ಡು ತಗೊಳ್ಳದೆ ಸರಿಮಾಡಿದ ಆಚಾರ್ರಿಗೆ, ಮಳೆಗಾಲಕ್ಕೆ ಸಕ್ಕರೆ ತಂದು ಹಾಕಿದ ತಮ್ಮನಿಗೆ, ಎರಡು ಸಲ ಹುಬ್ಬಿಗೆ ಕಚ್ಚಿಸಿಕೊಂಡೂ ತುಟಿಪಿಟಕ್ ಅನ್ನದ ನಮ್ಮ ಮನೆಯವರಿಗೆ ಥ್ಯಾಂಕ್ಸ್. ಎಲ್ಲರನ್ನೂ ಒಂದೇ ಸಾಲಿನಲ್ಲಿ ಮುಗಿಸಿದೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಉಳಿದ ಜಾಗ ಕೆಳಮನೆ ಅಜ್ಜನದು. ಹೆಸರು ಹಾಕಬೇಡ ಅಂದಿದ್ದಾರೆ, ಹಾಕಿಲ್ಲ. ಅವರ ಮೊಮ್ಮಗಳು ಇದನ್ನು ಓದಿ ಹೇಳ್ತಾಳೆ ಅಂತ ಗೊತ್ತು.

ಪೆಟ್ಟಿಗೆ ಇಟ್ಟಿದ್ದು ಅಮ್ಮ ಮಲಗುವ ಕೋಣೆಯ ಕಿಟಕಿಯ ಎದುರು, ಹಲಸಿನ ಮರದ ಬುಡದಲ್ಲಿ. ಬೆಳಿಗ್ಗೆ ಕಾಫಿ ಕೊಡುವಾಗ ಅಮ್ಮ ಕೇಳುತ್ತಿದ್ದುದು ಒಂದೇ ಪ್ರಶ್ನೆ. "ಹುಳ ಹೊರಟ್ವೇನೇ?" ಅಡಿಕೆ ಹಿಂಗಾರ ಬಿಚ್ಚಿದ ದಿನಗಳಲ್ಲಿ ಅವು ಹಿಂಗಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ಬಂದರೆ ಅಮ್ಮನಿಗೆ ಅದೇ ಹಬ್ಬ. ಮಾರ್ಚ್‌ನಲ್ಲಿ ಅಮ್ಮ ಹೋದರು. ಪೆಟ್ಟಿಗೆ ಅಲ್ಲೇ ಇತ್ತು.

ಮೇ ಎರಡನೇ ವಾರ, ಮನೆಯವರು ಊರಲ್ಲಿಲ್ಲದ ರಾತ್ರಿ, ಗುಡುಗು ಗಾಳಿಮಳೆ ಬಂತು. ಹಲಸಿನ ಕೊಂಬೆ ಮುರಿದು ನೇರ ಪೆಟ್ಟಿಗೆಯ ಮೇಲೆ ಬಿತ್ತು. ಕರೆಂಟ್ ಇಲ್ಲ. ನಾನು ಕೂಗಿದ್ದು ಯಾರನ್ನು ಅಂತ ಈಗಲೂ ನೆನಪಿಲ್ಲ, ಬಂದವರು ಅಜ್ಜ. ಕಂಬಳಿಕೊಪ್ಪೆ ಹಾಕಿಕೊಂಡು, ಕೈಯಲ್ಲಿ ಬ್ಯಾಟರಿ ಹಿಡಿದು, ಗದ್ದೆ ಅಂಚಿನ ಮೇಲೆ ಬರಿಗಾಲಲ್ಲಿ.

ಸೀಳಿದ ಪೆಟ್ಟಿಗೆಯನ್ನು ಇಬ್ಬರೂ ಸೇರಿ ಕೊಟ್ಟಿಗೆಗೆ ಎತ್ತಿ ತಂದೆವು. ಎರಿಗಳು, ಅಂದ್ರೆ ಹುಳಗಳು ಕಟ್ಟಿದ ಮೇಣದ ತಟ್ಟೆಗಳು, ಮುರಿದು ಒಂದರ ಮೇಲೊಂದು ಬಿದ್ದಿದ್ದವು. ಹುಳಗಳು ಒದ್ದೆಯಾಗಿ ಮುದ್ದೆಗಟ್ಟಿದ್ದವು. ಅಜ್ಜ ಬಾಳೆನಾರು ಸೀಳಿ, ಒಂದೊಂದು ತುಂಡನ್ನೂ ಚೌಕಟ್ಟಿಗೆ ಕಟ್ಟಿದರು. ಮಗುವಿಗೆ ಲಂಗೋಟಿ ಕಟ್ಟುವಷ್ಟು ಹಗುರವಾಗಿ. ರಾಣಿಗಾಗಿ ಹುಡುಕಿದೆವು. ಮಣ್ಣಲ್ಲಿ, ಕೆಸರಲ್ಲಿ, ಕೊಂಬೆಯ ಕೆಳಗೆ. ಸಿಗಲಿಲ್ಲ.

ಆಗ ನಾನು ಅತ್ತೆ. ಸುಮ್ನೆ ಅಲ್ಲ, ಜೋರಾಗಿ. ಕೆಲಸದ ಹುಳದ ಆಯಸ್ಸು ಆರು ವಾರದ ಆಸುಪಾಸು. ಅಮ್ಮ ಕಿಟಕಿಯಿಂದ ನೋಡಿದ ಹುಳಗಳೆಲ್ಲ ಅಷ್ಟರಲ್ಲಿ ಸತ್ತು ಹೋಗಿದ್ದವು. ಆ ಗೂಡಿನಲ್ಲಿ ಅಮ್ಮ ಇದ್ದಾಗಿನಿಂದ ಉಳಿದವಳು ರಾಣಿ ಒಬ್ಬಳೇ. ಅಷ್ಟನ್ನೂ ಅಜ್ಜನ ಮುಂದೆ ಬಿಕ್ಕುತ್ತಾ ಹೇಳಿದೆ. ಅಮ್ಮನ ಕೊನೇ ಹೊತ್ತಿನಲ್ಲಿ ನಾನು ಔಷಧಿ ಅಂಗಡಿಯ ಸಾಲಲ್ಲಿ ನಿಂತಿದ್ದೆ ಅನ್ನೋದನ್ನೂ ಹೇಳಿದೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ಅಜ್ಜ ಸಮಾಧಾನ ಹೇಳಲಿಲ್ಲ. ಒಂದು ಎರಿ ಎತ್ತಿ ನನ್ನ ಕೈಗೆ ಕೊಟ್ಟರು. ಅವರಿಗೆ ಕಣ್ಣು ಮಂಜು.

"ನೀನೇ ನೋಡು ಕೂಸೆ. ಎರಿಯ ಕೋಣೆಗಳ ತಳದಲ್ಲಿ ದಾರದ ಚೂರಿನ ಹಾಗೆ ಏನಾದ್ರೂ ಕಾಣ್ತದಾ?"

ಕಾಣುತ್ತಿತ್ತು.

"ನಿಂತಿದೆಯಾ, ಮಲಗಿದೆಯಾ?"

"ನಿಂತಿದೆ."

"ಹಾಗಾದ್ರೆ ಇವತ್ತಿನ ಮೊಟ್ಟೆ. ಮೂರನೇ ದಿನಕ್ಕೆ ಮಲಗ್ತದೆ, ಆಮೇಲೆ ಮರಿ. ರಾಣಿ ಹೋದ್ರೆ ಹೋಗ್ಲಿ ಬಿಡು, ಮೊಟ್ಟೆ ಮರಿ ಅದಾವಲ್ಲ. ಹುಳಗಳೇ ಹೊಸ ರಾಣಿ ಮಾಡ್ಕೋತಾವೆ."

ಬೆಳಗಿನ ತನಕ ಅಲ್ಲೇ ಕೂತಿದ್ದರು. ಇರುವೆ ಬರದ ಹಾಗೆ ಪೆಟ್ಟಿಗೆಯ ಸುತ್ತ ಬೂದಿ ಹಾಕಿ, ಆಗಾಗ ಕಿವಿಗೊಟ್ಟು ಕೇಳುತ್ತಾ. ಆ ರಾತ್ರಿಯೇ ಗೊತ್ತಾಗಿದ್ದು, ಅಜ್ಜನ ಹತ್ತಿರ ಒಂದು ಕಾಲಕ್ಕೆ ಹದಿನಾಲ್ಕು ಪೆಟ್ಟಿಗೆ ಇದ್ದವು ಅಂತ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ನಮ್ಮ ಕಡೆ ತುಡುವೆ ಕುಟುಂಬಗಳು ಸಾಲುಸಾಲಾಗಿ ನಾಶವಾದವಲ್ಲ, ಆಗ ಹದಿನಾಲ್ಕೂ ಹೋದವು. ಮರಿಗಳು ನೀರು ತುಂಬಿದ ಚೀಲದ ಹಾಗಾಗಿ ಎರಿಯಲ್ಲೇ ಸಾಯುತ್ತಿದ್ದವಂತೆ. ಆಮೇಲೆ ಅಜ್ಜ ಎರಿ ಮುಟ್ಟಿದ್ದು ಆ ರಾತ್ರಿಯೇ. "ಆಗ ನಾನೂ ಹೀಗೇ ಕೂತಿದ್ದೆ. ಪಕ್ಕ ಯಾರೂ ಇರ್ಲಿಲ್ಲ," ಅಂದರು. ಅಷ್ಟೇ.

ಆಮೇಲೆ ದಿನ ಎಣಿಸುವುದೇ ನನ್ನ ಕೆಲಸ. ಮೂರನೇ ದಿನ ಎರಿಯಲ್ಲಿ ಶೇಂಗಾಕಾಯಿಯ ಹಾಗೆ ನೇತಾಡುವ ರಾಣಿ ಕೋಶಗಳು ಕಂಡವು. ಕೆಲಸದ ಹುಳ ಆಗಬೇಕಿದ್ದ ಎಳೇ ಮರಿಯೇ ಅದರೊಳಗೆ. ರಾಯಲ್ ಜೆಲ್ಲಿ, ಅಂದ್ರೆ ಕೆಲಸದ ಹುಳಗಳು ಮರಿಗೆ ಉಣಿಸುವ ಹಾಲಿನಂಥ ಊಟ, ಮೊದಲ ಮೂರು ದಿನ ಎಲ್ಲ ಮರಿಗೂ ಸಿಗುತ್ತದೆ. ರಾಣಿ ಆಗುವವಳಿಗೆ ಮಾತ್ರ ಕೊನೆಯ ತನಕ ಅದೇ ಊಟ. ಊಟ ಬೇರೆ ಆಗಿದ್ದಕ್ಕೆ ಹಣೆಬರಹವೇ ಬೇರೆ! ಮೊಟ್ಟೆಯಿಂದ ಲೆಕ್ಕ ಹಾಕಿದರೆ ಕೆಲಸದ ಹುಳ ಹೊರಬರೋಕೆ ಸುಮಾರು 20 ದಿನ, ರಾಣಿಗೆ 15-16 ದಿನ ಸಾಕು. ನಮ್ಮಲ್ಲಿ ಆ ರಾತ್ರಿಯಿಂದ ಹದಿಮೂರನೇ ದಿನ ಒಂದು ಕೋಶದ ತುದಿ ಡಬ್ಬಿ ಮುಚ್ಚಳ ತೆಗೆದ ಹಾಗೆ ದುಂಡಗೆ ಬಿಚ್ಚಿಕೊಂಡಿತ್ತು. ಪಕ್ಕದ ಕೋಶಗಳ ಬದಿ ಹರಿದಿತ್ತು. ಮೊದಲು ಬಂದವಳು ಉಳಿದವರನ್ನು ಮುಗಿಸಿದ್ದಳು. ಅದನ್ನು ನೋಡಿ ನನಗೆ ಪಾಪ ಅನಿಸಿತು, ಅಜ್ಜನಿಗೆ ಏನೂ ಅನಿಸಲಿಲ್ಲ.

ಅವಳು ಗಂಡುಜೇನುಗಳ ಜೊತೆ ಕೂಡಲು ಒಂದು ಬಿಸಿಲಿನ ಮಧ್ಯಾಹ್ನ ಹೊರಗೆ ಹಾರಬೇಕು. ಮಳೆ ಹಿಡಿದರೆ ಮುಗಿಯಿತು. ಆ ವಾರ ಆಕಾಶ ನೋಡಿದಷ್ಟು ನಾನು ಮತ್ತೆಂದೂ ನೋಡಿಲ್ಲ. ಜೂನ್ ಮೊದಲ ವಾರ, ಮುಂಗಾರು ಕೂರುವ ಮುಂಚೆ, ಎರಿಯಲ್ಲಿ ಕೋಣೆಗೊಂದರಂತೆ ನಿಂತ ಮೊಟ್ಟೆ ಕಂಡವು. ನೋಡಿದವಳೇ ಕೆಳಮನೆಗೆ ಓಡಿದೆ. ಅಜ್ಜ ಅಡಿಕೆ ಹಾಳೆ ಕಟ್ಟುತ್ತಿದ್ದರು. ತಲೆ ಎತ್ತದೆ "ನಿಂತಿದ್ವಾ?" ಅಂದರು.

ಮಳೆಗಾಲ ಪೂರ್ತಿ ಸಂಜೆ ಹೊತ್ತು ಕರಟದಲ್ಲಿ ಸಕ್ಕರೆ ನೀರು ಇಟ್ಟೆವು. ಸಮಸಮ ಸಕ್ಕರೆ, ನೀರು, ಮೇಲೆ ಹುಳ ಮುಳುಗದ ಹಾಗೆ ನಾಲ್ಕು ಕಡ್ಡಿ. ಕುಟುಂಬ ಉಳಿಯಿತು. ಈಗ ಆ ಗೂಡಿನಲ್ಲಿರುವ ಒಂದು ಹುಳವೂ ಅಮ್ಮನನ್ನು ನೋಡಿಲ್ಲ. ಆದರೂ ಬೆಳಿಗ್ಗೆ ಕಾಫಿ ಹಿಡಿದು ಕಿಟಕಿಯ ಹತ್ತಿರ ನಿಲ್ಲುತ್ತೇನೆ.

ಅಜ್ಜ, ಬೇಸಿಗೆಗೆ ಕುಟುಂಬ ಪಾಲಾದರೆ ಒಂದು ನಿಮಗೆ ಅಂದಿದ್ದೆ. "ನನಗೆ ಯಾಕೆ ಮಾರಾಯ್ತಿ, ಈ ವಯಸ್ಸಲ್ಲಿ" ಅಂದಿರಿ. ನಿನ್ನೆ ಹಾಲು ಕೊಡೋಕೆ ಬಂದಾಗ ನಿಮ್ಮ ಬಾವಿಕಟ್ಟೆಯ ಆಚೆ ಹಳೇ ಸ್ಟ್ಯಾಂಡ್ ಒಂದನ್ನು ತೊಳೆದು ನಿಲ್ಲಿಸಿದ್ದು ನೋಡಿದೆ. ನಾಲ್ಕು ಕಾಲಿಗೂ ನೀರು ತುಂಬಿದ ಕರಟ ಇತ್ತು.