ಮಾರುವ ಮನೆಯ ರಿಪೇರಿ: ಸೋದರ ಸೊಸೆಗೊಂದು ಪತ್ರ

ಚಿ. ಸುಮಾಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಓದಿದೆ. ಮನೆ ಹಳೇ ಕಾಲದ್ದು, ವ್ಯಾಪಾರ ಮಂದ, ನೋಡಲು ಬಂದವರು ತಿರುಗಿ ಫೋನ್ ಮಾಡುತ್ತಿಲ್ಲ. ಅಡುಗೆಮನೆ, ಬಾತ್‌ರೂಮು, ನೆಲ ಎಲ್ಲ ಕಿತ್ತು ಹೊಸದು ಮಾಡಿಸಿಬಿಡಲೇ ಎಂದು ಕೇಳಿದ್ದೀಯ. ಬೇಡಮ್ಮ. ಏಕೆ ಬೇಡ, ಅದರ ಬದಲು ಏನು ಮಾಡಿಸಬೇಕು ಎರಡನ್ನೂ ಬರೆಯುತ್ತೇನೆ.

ಬೇಡಿಕೆ ಜೋರಾಗಿದ್ದಾಗ ಮನೆ ಕೈತಪ್ಪೀತೆಂದು ಜನ ಕಣ್ಣುಮುಚ್ಚಿ ಮುಂಗಡ ಕೊಡುತ್ತಾರೆ. ಈಗ ಹಾಗಲ್ಲ. ಬರುವವನಿಗೆ ಇನ್ನೂ ಹತ್ತು ಮನೆ ನೋಡಲಿಕ್ಕಿದೆ, ಅವಸರವಿಲ್ಲ. ಎರಡು ಮೂರು ಸಲ ಬರುತ್ತಾನೆ, ಚಾವಣಿಯ ಮೂಲೆ ನೋಡುತ್ತಾನೆ, ನಲ್ಲಿ ತಿರುಗಿಸುತ್ತಾನೆ, ಸಿಂಕಿನ ಕೆಳಗಿನ ಬಾಗಿಲು ತೆಗೆದು ಮೂಸುತ್ತಾನೆ. ಒಂದು ತೇವದ ಕಲೆ ಕಂಡರೆ ಅದನ್ನು ಸರಿಮಾಡಿಸುವ ಖರ್ಚಿನ ಮೂರು ಪಟ್ಟು ಮನಸ್ಸಿನಲ್ಲೇ ಕಳೆದುಬಿಡುತ್ತಾನೆ. ಅವನನ್ನು ಮೆಚ್ಚಿಸಲು ಹಾಕುವ ದುಡ್ಡಿಗಿಂತ ಅವನ ಅನುಮಾನ ತೀರಿಸಲು ಹಾಕುವ ದುಡ್ಡೇ ನಿನಗೆ ವಾಪಸು ಬರುವುದು.

ಲೆಕ್ಕ ಹಾಕಿ ನೋಡು. ಇದ್ದ ಹಾಗೇ ಕೊಟ್ಟರೆ ಮನೆಗೆ ಬರುವ ಬೆಲೆಯನ್ನು 100 ಭಾಗ ಎಂದಿಟ್ಟುಕೋ, ಆದರೆ ಗಿರಾಕಿ ಸಿಗಲು 8 ತಿಂಗಳು ಬೇಕು ಎಂದುಕೋ. ಸಾಲದ ಬಡ್ಡಿ, ತೆರಿಗೆ, ವಿಮೆ, ಕರೆಂಟು, ಕಾವಲು ಸೇರಿ ಖಾಲಿ ಮನೆ ಇಟ್ಟುಕೊಳ್ಳಲು ತಿಂಗಳಿಗೆ 0.8 ಹೋಗುತ್ತದೆ ಎಂದಿಟ್ಟುಕೊಳ್ಳೋಣ. ಪೂರ್ತಿ ಹೊಸದು ಮಾಡಿಸಲು 15 ಖರ್ಚು, ಕೆಲಸಕ್ಕೆ 6 ತಿಂಗಳು, ಆಮೇಲೆ ಮಾರಲು 5. ಅಂದರೆ 3 ತಿಂಗಳು ಹೆಚ್ಚು, 2.4 ಹೆಚ್ಚುವರಿ. 117.4 ಬಂದರಷ್ಟೇ ಅಸಲು. ಅದೇ ರಸ್ತೆಯಲ್ಲಿ ಒಳ್ಳೆಯ ಮನೆಗಳೇ 110ಕ್ಕೆ ಹೋಗುತ್ತಿದ್ದರೆ ಮೂಗಿಗಿಂತ ಮೂಗುತಿ ಭಾರ ಆಯಿತು. ಬದಲಿಗೆ 4 ಖರ್ಚುಮಾಡಿ ಒಂದೂವರೆ ತಿಂಗಳಲ್ಲಿ ಕೆಲಸ ಮುಗಿಸಿ 5 ತಿಂಗಳಲ್ಲಿ ಮಾರಿದರೆ, ಒಂದೂವರೆ ತಿಂಗಳ ಖರ್ಚು 1.2 ಉಳಿಯುತ್ತದೆ; 102.8 ಬಂದರೆ ಸಾಕು. ನಿನ್ನ ನಿಜವಾದ ಅಂಕಿಗಳನ್ನು ಈ ಜಾಗಗಳಲ್ಲಿ ಹಾಕಿ ನೋಡು. ಸುತ್ತಲಿನ ಮನೆಗಳಿಗೆ ಕೇಳುತ್ತಿರುವ ಬೆಲೆ ಬೇಡ, ನಿಜಕ್ಕೂ ನೋಂದಣಿಯಾದ ಬೆಲೆ ಹಾಕು.

ಮೊದಲ ಕೆಲಸ ನೀರಿನದು. ತೇವ ಇರುವ ಗೋಡೆಗೆ ಬಣ್ಣ ಹೊಡೆಸುವುದೆಂದರೆ ದುಡ್ಡನ್ನು ಗೋಡೆಗೆ ಬಳಿದಂತೆ. ತೇವ ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುವವರೆಗೆ ಯಾವ ಮೇಸ್ತ್ರಿಯನ್ನೂ ಒಳಗೆ ಬಿಡಬೇಡ. ಸುಮಾರು 45 ಸೆಂ.ಮೀ. ಚೌಕದ ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಲೆಯಿರುವ ಜಾಗಕ್ಕೆ ನಾಲ್ಕೂ ಅಂಚಿಗೆ ಟೇಪು ಹಾಕಿ ಗಾಳಿಯಾಡದಂತೆ ಅಂಟಿಸು, ಒಂದು ದಿನ ಬಿಡು. ಹಾಳೆಯ ಒಳಬದಿಯಲ್ಲಿ, ಅಂದರೆ ಗೋಡೆ ಕಡೆಗೆ, ಹನಿ ಕೂತಿದ್ದರೆ ನೀರು ಗೋಡೆಯೊಳಗಿದೆ. ಹೊರಬದಿಯಲ್ಲಿ ಕೂತಿದ್ದರೆ ಅದು ಕೋಣೆಯ ಗಾಳಿಯ ತೇವ; ಕಿಟಕಿ ತೆರೆದಿಟ್ಟು ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಬಹುಪಾಲು ಕಡಿಮೆಯಾಗುತ್ತದೆ.

ಗೋಡೆಯೊಳಗಿನದಾದರೆ ಕಲೆಯನ್ನೇ ಗಮನಿಸು. ಚಾವಣಿಯಲ್ಲಿ ಕಂದು ಅಂಚಿನ ಉಂಗುರವಿದ್ದು ಮಳೆ ಬಂದಾಗ ದೊಡ್ಡದಾದರೆ ಮೇಲಿನ ಸೋರಿಕೆ. ನೆಲದಿಂದ ಸುಮಾರು ಒಂದು ಮೀಟರ್‌ವರೆಗೆ ಪಟ್ಟೆಯಾಗಿ ಉಪ್ಪು ಒಡೆದಿದ್ದರೆ ಅಡಿಪಾಯದಿಂದ ಏರುತ್ತಿದೆ. ಬಾತ್‌ರೂಮಿನ ಆಚೆ ಗೋಡೆಯಲ್ಲಿ ಮಳೆಗಾಲ ಬೇಸಿಗೆ ಎನ್ನದೆ ಒಂದೇ ಸಮ ಇದ್ದರೆ ಪೈಪು. ಪೈಪಿನ ಅನುಮಾನಕ್ಕೆ ಎಲ್ಲ ನಲ್ಲಿ ಬಂದ್ ಮಾಡಿ ಮೀಟರಿನ ಅಂಕಿ ಬರೆದುಕೋ, ಎರಡು ಗಂಟೆ ಬಿಟ್ಟು ನೋಡು. ಟ್ಯಾಂಕಿನಿಂದ ಬರುವ ನೀರಾದರೆ ಟ್ಯಾಂಕಿನೊಳಗೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು ನೋಡು. ಅಂಕಿ ಓಡಿದ್ದರೆ, ನೀರು ಗೆರೆಗಿಂತ ಕೆಳಗೆ ಇಳಿದಿದ್ದರೆ, ಪ್ಲಂಬರನ್ನು ಕರೆಸು. ಬಾತ್‌ರೂಮಿನ ನೆಲಕ್ಕೆ ಬೇರೆ ಪರೀಕ್ಷೆ: ನೀರು ಹೋಗುವ ಜಾಲಿಗೆ ಬಿರಡೆ ಹಾಕಿ 25 ಮಿ.ಮೀ. ನೀರು ನಿಲ್ಲಿಸಿ 24 ಗಂಟೆ ಬಿಟ್ಟು ಕೆಳಗಿನ ಚಾವಣಿ ನೋಡಬೇಕು. ತಾರಸಿಗೂ ಹೀಗೇ.

ಉಪ್ಪನ್ನು ಒಣ ಬ್ರಷ್ಷಿನಿಂದಲೇ ಉಜ್ಜಿಸು. ನೀರಿನಲ್ಲಿ ತೊಳೆದರೆ ಕರಗಿ ಗೋಡೆಯೊಳಕ್ಕೆ ಹೋಗಿ, ಒಣಗಿದ ಮೇಲೆ ಮತ್ತೆ ಹೊರಬರುತ್ತದೆ. ಕಾರಣ ಸರಿಪಡಿಸಿದ ಮೇಲೆ ತೇವದ ಗೆರೆಗಿಂತ 30 ಸೆಂ.ಮೀ. ಮೇಲಿನವರೆಗೆ ಹಳೇ ಗಾರೆ ಕೆಡವಿಸು. ಹೊಸ ಸಿಮೆಂಟ್ ಗಾರೆಗೆ 7 ದಿನ ನೀರು ಹಾಕಬೇಕು, ಆಮೇಲೆ ಸುಮಾರು 28 ದಿನ ಒಣಗಬೇಕು. ಈ 28 ದಿನವನ್ನೇ ಎಲ್ಲರೂ ನುಂಗಿಬಿಡುತ್ತಾರೆ. ಹಸಿ ಗಾರೆಯ ಕ್ಷಾರ ಬಣ್ಣವನ್ನು ತಿನ್ನುತ್ತದೆ, ಒಳಗಿನ ನೀರಿಗೆ ದಾರಿಯಿಲ್ಲದೆ ಬಣ್ಣ ಗುಳ್ಳೆ ಏಳುತ್ತದೆ. ಸರಿಯಾಗಿ ಗಿರಾಕಿ ಬರುವ ಹೊತ್ತಿಗೆ! ಹಾಗಾಗಿ ಗಾರೆ ಕೆಲಸ ಮೊದಲ ವಾರವೇ ಶುರುವಾಗಲಿ. ಒಣಗುವ ದಿನಗಳಲ್ಲಿ ವೈರಿಂಗ್, ಮರಗೆಲಸ ನಡೆಯಲಿ. ಪುಟ್ಟಿ ಎರಡು ಕೋಟು, ಎರಡೂ ಸೇರಿ 1.5 ಮಿ.ಮೀ. ದಾಟಬಾರದು. ಗೋಡೆಯ ಡೊಂಕು ಮುಚ್ಚಲು ದಪ್ಪ ಬಳಿದರೆ ಬಿರುಕು ಬಿಟ್ಟು ಹಾಳೆ ಹಾಳೆಯಾಗಿ ಏಳುತ್ತದೆ.

ವೈರಿಂಗ್ ಅನ್ನು ಬಣ್ಣಕ್ಕೆ ಮೊದಲೇ ನೋಡಿಸು, ಆಮೇಲೆ ಗೋಡೆ ಕೊರೆದರೆ ಎರಡು ಖರ್ಚು. ಬಾಗಿಸಿದರೆ ಪುಡಿಯಾಗುವ ರಬ್ಬರ್ ಹೊದಿಕೆಯ ಹಳೇ ತಂತಿ ಇದ್ದರೆ ಮಾತಿಲ್ಲದೆ ಬದಲಾಯಿಸು. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಬಂದ್ ಆಗುವ ಸ್ವಿಚ್ಚು, ಇಲ್ಲದಿದ್ದರೆ ಹಾಕಿಸು. ಅದರ ಮೇಲಿನ ಟೆಸ್ಟ್ ಗುಂಡಿ ಒತ್ತಿದರೆ ತಟ್ಟನೆ ಬೀಳಬೇಕು. ಆದರೆ ಆ ಗುಂಡಿ ಅರ್ಥಿಂಗ್ ಸರಿಯಿದೆಯೋ ಇಲ್ಲವೋ ಹೇಳುವುದಿಲ್ಲ, ಅದನ್ನು ಎಲೆಕ್ಟ್ರಿಷಿಯನ್ ಬೇರೆಯಾಗಿ ಅಳೆಯಬೇಕು. ಹಳದಿ ತಿರುಗಿದ ಸ್ವಿಚ್ಚುಗಳನ್ನು ಇದೇ ಹೊತ್ತಿಗೆ ಬದಲಾಯಿಸಿಬಿಡು. ಕಡಿಮೆ ಖರ್ಚಿನಲ್ಲಿ ಮನೆಗೆ ಹತ್ತು ವರ್ಷ ಪ್ರಾಯ ಇಳಿದಂತೆ ಕಾಣುತ್ತದೆ.

ಒಂದು ಎಚ್ಚರಿಕೆ. ಬಾಗಿಲು ಕಿಟಕಿಗಳ ಹಳೇ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ಒಣ ಉಜ್ಜುವುದು, ಬೆಂಕಿ ಹಿಡಿದು ಕೆರೆಯುವುದು ಬೇಡ. ನೀರು ಚಿಮುಕಿಸಿ ಉಜ್ಜಿಸು, ಮಕ್ಕಳು ಹತ್ತಿರ ಸುಳಿಯದಿರಲಿ. ಆಸ್ಬೆಸ್ಟಾಸ್ ಶೀಟು ಇದ್ದರೆ ಕೊರೆಯುವುದು, ಮುರಿಯುವುದು ಎರಡೂ ಕೂಡದು.

ಬಾತ್‌ರೂಮಿನ ಟೈಲ್ಸ್‌ಗಳನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗು. ಟೊಳ್ಳು ಸದ್ದು ಅಲ್ಲೊಂದು ಇಲ್ಲೊಂದು ಇದ್ದರೆ ಅಷ್ಟನ್ನೇ ತೆಗೆಸು. ಗಟ್ಟಿಯಿದ್ದರೆ ಬಣ್ಣ ಹಳೇ ಕಾಲದ್ದಾದರೂ ಇರಲಿ. ಕೊಳಕಾಗಿ ಕಾಣುವುದು ಬಹುಪಾಲು ಗ್ರೌಟು, ಅಂದರೆ ಟೈಲ್ಸ್‌ಗಳ ಸಂದಿಗೆ ತುಂಬಿದ ಗಾರೆ. ಅದನ್ನು ಆಳದ ಮೂರನೇ ಎರಡು ಭಾಗ ಕೆರೆದು ತೆಗೆದು ಹೊಸದು ತುಂಬಬೇಕು. ಹಳೆಯದರ ಮೇಲೆ ಸವರಿದ್ದು ವಾರದಲ್ಲಿ ಉದುರುತ್ತದೆ. ಗೋಡೆ ನೆಲ ಕೂಡುವ ಮೂಲೆಗೆ ಮಾತ್ರ ಗ್ರೌಟು ಬೇಡ. ಅಲ್ಲಿ ಎರಡೂ ಬೇರೆ ಬೇರೆಯಾಗಿ ಅಲುಗುವುದರಿಂದ ಗ್ರೌಟು ಸೀಳುತ್ತದೆ. ಬೂಷ್ಟು ಹಿಡಿಯದ ಸಿಲಿಕೋನ್ ಹಾಕಿಸಿ 24 ಗಂಟೆ ನೀರು ಸೋಕಿಸಬೇಡ. ತೊಟ್ಟಿಕ್ಕುವ ನಲ್ಲಿಗೆ ವಾಷರ್ ಅಥವಾ ಕಾರ್ಟ್ರಿಡ್ಜ್ (ನಲ್ಲಿಯೊಳಗೆ ನೀರು ಬಿಟ್ಟು ನಿಲ್ಲಿಸುವ ಭಾಗ) ಬದಲಾಯಿಸಿದರೆ ಆಯಿತು. ಮಿಕ್ಸರ್ ನಲ್ಲಿಯ ಕಾರ್ಟ್ರಿಡ್ಜ್ 35 ಮಿ.ಮೀ.ನದೂ ಇರುತ್ತದೆ, 40ರದೂ ಇರುತ್ತದೆ. ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗು.

ಅಡುಗೆಮನೆಯ ಕಪಾಟಿನ ಪೆಟ್ಟಿಗೆ ಗಟ್ಟಿಯಿದ್ದರೆ ಬಾಗಿಲು, ಹಿಡಿ, ಕೀಲು ಇಷ್ಟೇ ಬದಲಾಯಿಸು. ಸಿಂಕಿನ ಕೆಳಗಿನ ಹಲಗೆಗೆ ಸ್ಕ್ರೂಡ್ರೈವರ್ ತುದಿ ಚುಚ್ಚಿ ನೋಡು, ಮೆತ್ತಗಿದ್ದರೆ ಅದೊಂದನ್ನು ಹೊಸದು ಮಾಡಿಸು. ಬಾಗಿಲು ಹಳೆಯದೇ ಉಳಿಸಿ ಹಿಡಿ ಮಾತ್ರ ಬದಲಾಯಿಸುವುದಾದರೆ ಹಳೇ ಹಿಡಿಯ ಎರಡು ತೂತುಗಳ ನಡುವಿನ ಅಂತರವನ್ನು ಮಧ್ಯದಿಂದ ಮಧ್ಯಕ್ಕೆ ಅಳೆ: ಸಾಮಾನ್ಯವಾಗಿ 96 ಅಥವಾ 128 ಮಿ.ಮೀ. ಅದೇ ಅಳತೆಯ ಹಿಡಿ ತಂದರೆ ಹೊಸ ತೂತು, ಹಳೇ ತೂತಿಗೆ ಪುಟ್ಟಿ, ಅದರ ಮೇಲೆ ಬಣ್ಣ ಎಂಬ ರಗಳೆಯಿಲ್ಲ. ಜೋತುಬಿದ್ದ ಬಾಗಿಲಿಗೆ ಹೊಸ ಬಾಗಿಲು ಬೇಡ. ಕೀಲಿನ ಸ್ಕ್ರೂ ತೂತು ಸಡಿಲವಾಗಿರುತ್ತದೆ. ಮರದ ಗೂಟಕ್ಕೆ ಅಂಟು ಹಚ್ಚಿ ತುಂಬಿ, ಒಣಗಿದ ಮೇಲೆ ಉದ್ದದ ಸ್ಕ್ರೂ ಹಾಕಿದರೆ ನೆಟ್ಟಗಾಗುತ್ತದೆ.

ಹಳೇ ನೆಲದ ಮೇಲೆ ಟೈಲ್ಸ್ ಹಾಕಿಸು ಎನ್ನುವವರ ಮಾತು ಕೇಳಬೇಡ. ನೆಲ 12-15 ಮಿ.ಮೀ. ಏರುತ್ತದೆ, ಪ್ರತಿ ಬಾಗಿಲ ಬುಡ ಕತ್ತರಿಸಬೇಕು, ಬಾತ್‌ರೂಮಿನ ಹೊಸ್ತಿಲಲ್ಲಿ ಎಡವುವ ಮೆಟ್ಟಿಲಾಗುತ್ತದೆ. ಕಲ್ಲೋ ಮೊಸಾಯಿಕ್ಕೋ ಇದ್ದರೆ ಪಾಲಿಶ್ ಮಾಡಿಸು. ಪಾಲಿಶಿನ ರಾಡಿ ಗೋಡೆಗೆ ಸಿಡಿಯುವುದರಿಂದ ಬಣ್ಣದ ಕೊನೆ ಕೋಟಿಗಿಂತ ಮೊದಲೇ ಮುಗಿಯಲಿ. ಆ ರಾಡಿ ಜಾಲಿಯೊಳಗೆ ಹೋಗದಂತೆ ಮುಚ್ಚಿಸು, ಒಳಗೆ ಕೂತು ಗಟ್ಟಿಯಾದರೆ ಪೈಪೇ ಕಟ್ಟುತ್ತದೆ.

ಬಣ್ಣಕ್ಕೆ ಎಷ್ಟು ಬೇಕೆಂದು ನೀನೇ ಲೆಕ್ಕ ಹಾಕು. 4 ಮೀಟರ್ ಉದ್ದ, 3.5 ಅಗಲ, 3 ಎತ್ತರದ ಕೋಣೆಯ ಸುತ್ತಳತೆ 15, ಗೋಡೆ 45 ಚದರ ಮೀಟರ್. ಬಾಗಿಲು ಕಿಟಕಿಗೆ 4 ಕಳೆದರೆ 41, ಎರಡು ಕೋಟಿಗೆ 82. ಲೀಟರಿಗೆ ಸುಮಾರು 10 ಚದರ ಮೀಟರ್ ಬರುತ್ತದೆ, ಹಾಗಾಗಿ 8 ಲೀಟರ್ ಚಿಲ್ಲರೆ. ಚಾವಣಿಗೆ ಬೇರೆ 3 ಲೀಟರ್. ಯಾರಾದರೂ 15 ಲೀಟರ್ ಎಂದರೆ ಉಳಿದದ್ದು ಎಲ್ಲಿ ಹೋಗುತ್ತದೆಂದು ಕೇಳು. ಹೊಳಪಿನ ಬಣ್ಣ ಗೋಡೆಯ ಡೊಂಕನ್ನೆಲ್ಲ ಎತ್ತಿ ತೋರಿಸುತ್ತದೆ, ಹಳೇ ಮನೆಗೆ ಹೊಳಪಿಲ್ಲದ್ದೇ ಸರಿ. ಬಲ್ಬುಗಳೆಲ್ಲ ಒಂದೇ ಛಾಯೆಯವು ಇರಲಿ, 3000 ಅಥವಾ 4000 ಕೆಲ್ವಿನ್. ಒಂದು ಕೋಣೆ ಹಳದಿ ಇನ್ನೊಂದು ನೀಲಿ ಆದರೆ ಹೊಸ ಬಣ್ಣವೂ ಮಾಸಿದಂತೆ ಕಾಣುತ್ತದೆ.

ಕೂಲಿಯನ್ನು ದಿನದ ಲೆಕ್ಕದಲ್ಲಿ ಕೊಡಬೇಡ, ಕೆಲಸದ ಹಂತಕ್ಕೆ ಕೊಡು. ಶೇ. 10ರಷ್ಟನ್ನು ನೀರು ನಿಲ್ಲಿಸಿ ನೋಡುವ ಪರೀಕ್ಷೆ ಮತ್ತೊಮ್ಮೆ ಮುಗಿಯುವವರೆಗೆ ಹಿಡಿದಿಟ್ಟುಕೋ. ಹಳೇ ಮನೆಯ ಗೋಡೆ ಒಡೆದಾಗ ಒಳಗೆ ಏನಿದೆಯೋ ಹೇಳಲಾಗದು, ಅಂದಾಜಿನ ಮೇಲೆ ಶೇ. 15ರಿಂದ 20 ಬೇರೆ ಎತ್ತಿಡು. ಗೋಡೆ ಮುಚ್ಚುವ ಮೊದಲು ಪೈಪು, ತಂತಿ ಹೋದ ದಾರಿಯ ಫೋಟೊ ತೆಗೆದು ಬಿಲ್ಲುಗಳ ಜೊತೆ ಒಂದು ಫೈಲಿನಲ್ಲಿಡು. ಸೋರುತ್ತಿತ್ತು, ಹೀಗೆ ಸರಿಮಾಡಿಸಿದೆ ಎಂದು ಫೋಟೊ ಸಮೇತ ನೀನೇ ಹೇಳಿಬಿಡು. ಮುಚ್ಚಿಟ್ಟು ಆಮೇಲೆ ಹೊರಬಿದ್ದರೆ ವ್ಯಾಪಾರ ಮುರಿಯುವುದಷ್ಟೇ ಅಲ್ಲ, ಕೋರ್ಟು ಕಚೇರಿಯೂ ಆಗಬಹುದು.

ಇನ್ನು ಕಾಯುವ ತಿಂಗಳುಗಳು. ಬಳಸದ ಬಾತ್‌ರೂಮಿನ ಜಾಲಿಯ ಕೆಳಗಿನ ಬಾಗಿದ ಭಾಗದಲ್ಲಿ, ಅಂದರೆ ಟ್ರ್ಯಾಪಿನಲ್ಲಿ, ಸುಮಾರು 50 ಮಿ.ಮೀ. ನೀರು ನಿಂತು ಚರಂಡಿಯ ಗಾಳಿಯನ್ನು ತಡೆಯುತ್ತದೆ. ಮನೆ ಮುಚ್ಚಿದ್ದರೆ ಕೆಲವೇ ವಾರಗಳಲ್ಲಿ ಅದು ಆರಿಹೋಗಿ ವಾಸನೆ ಒಳಗೆ ಬರುತ್ತದೆ. ನೋಡಲು ಬಂದವನು ಪೈಪೇ ಕೆಟ್ಟಿದೆ ಎಂದುಕೊಂಡು ಹೊರಟುಬಿಡುತ್ತಾನೆ. ವಾರಕ್ಕೊಮ್ಮೆ ಪ್ರತಿ ಜಾಲಿಗೆ, ಸಿಂಕಿಗೆ ಒಂದೆರಡು ಚೊಂಬು ನೀರು ಸುರಿಸು, ಕಮೋಡು ಫ್ಲಶ್ ಮಾಡಿಸು. ಹೆಚ್ಚು ದಿನ ಹೋಗಲಾಗದಿದ್ದರೆ ಜಾಲಿಯ ನೀರಿನ ಮೇಲೆ ಒಂದೆರಡು ಚಮಚ ಅಡುಗೆ ಎಣ್ಣೆ ಬಿಡು, ಬೇಗ ಆರುವುದಿಲ್ಲ. ಹೊರಡುವಾಗ ಮುಖ್ಯ ವಾಲ್ವ್ ಬಂದ್. ಗಿರಾಕಿ ಬರುವ ಒಂದು ಗಂಟೆ ಮೊದಲು ಕಿಟಕಿಗಳೆಲ್ಲ ತೆರೆದಿರಲಿ. ಸುಗಂಧದ ಸ್ಪ್ರೇ ಹೊಡೆದರೆ ಏನನ್ನೋ ಮುಚ್ಚುತ್ತಿದ್ದಾರೆಂದೇ ಅನಿಸುತ್ತದೆ.

ಬೆಲೆಯ ವಿಷಯ ಒಂದೇ ಮಾತು. ಮನೆ ಮಾರಾಟಕ್ಕಿದೆ ಎಂದು ಹೊಸದಾಗಿ ತಿಳಿದ ಮೊದಲ ಕೆಲವು ವಾರ ಜನ ಹೆಚ್ಚು ಬರುತ್ತಾರೆ. ಆಗ ಹೆಚ್ಚು ಹೇಳಿ ಆಮೇಲೆ ತಿಂಗಳಿಗಿಷ್ಟು ಇಳಿಸುತ್ತಾ ಹೋದರೆ, ಇನ್ನೂ ಇಳಿಯುತ್ತದೆಂದು ಎಲ್ಲರೂ ಕಾಯುತ್ತಾ ಕೂರುತ್ತಾರೆ. ಕೆಲಸ ಪೂರ್ತಿ ಮುಗಿಯುವ ತನಕ ಯಾರಿಗೂ ತೋರಿಸಬೇಡ.

ಈ ಭಾನುವಾರ ಪ್ಲಾಸ್ಟಿಕ್ ಹಾಳೆ, ಟೇಪು, ಪೆನ್ಸಿಲ್ ಇಷ್ಟು ತೆಗೆದುಕೊಂಡು ಹೋಗು. ಹನಿ ಯಾವ ಬದಿಯಲ್ಲಿ ಕೂತಿದೆ, ಟ್ಯಾಂಕಿನ ಗೆರೆಯಿಂದ ನೀರು ಎಷ್ಟು ಇಳಿದಿದೆ ಎಂದು ನನಗೆ ಬರೆ. ಮೇಸ್ತ್ರಿಗೆ ಆಮೇಲೆ ಹೇಳಿ ಕಳಿಸೋಣ.

ಇಂತಿ,
ನಿನ್ನ ಮಾವ