ವಿಷಯ: 4 ಜಿಬಿ ಎಂದು ಮಾರಿದ ಸರ್ವರ್‌ನಲ್ಲಿ 1 ಜಿಬಿ ಕಾಣೆಯಾಗಿರುವ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಿಮ್ಮಿಂದ ಪಡೆದ 4 ಜಿಬಿ ವರ್ಚುವಲ್ ಸರ್ವರ್‌ನಲ್ಲಿ ರಾತ್ರಿ ಹೊತ್ತು ನನ್ನ ಸೈಟ್‌ನ ಡೇಟಾಬೇಸ್ ಮೈಎಸ್‌ಕ್ಯೂಎಲ್ ಇದ್ದಕ್ಕಿದ್ದಂತೆ ಸಾಯುತ್ತಿದೆ. ಫೋನ್, ಚಾಟ್, ಟಿಕೆಟ್ ಎಲ್ಲದರಲ್ಲೂ ಸಮಾಧಾನದಿಂದಲೇ ಹೇಳಿ ನೋಡಿದ್ದಾಯಿತು. ಪ್ರತಿ ಸಲವೂ ಒಂದೇ ಉತ್ತರ: "ನಿಮ್ಮ ಮೆಮೊರಿ ಫುಲ್ ಆಗಿದೆ, ದೊಡ್ಡ ಪ್ಲ್ಯಾನ್ ತಗೊಳ್ಳಿ." ಕೊನೆಗೆ ಅದನ್ನೇ ಬರೆದು ಟಿಕೆಟ್ಟಿಗೆ 'ಪರಿಹಾರವಾಗಿದೆ' ಎಂದು ಮುದ್ರೆ ಒತ್ತಿ ಮುಚ್ಚಿದ್ದೀರಿ. ಮುಚ್ಚಿದ ಟಿಕೆಟ್ಟಿಗೆ ಉತ್ತರ ಬರೆಯಲು ನಿಮ್ಮ ವ್ಯವಸ್ಥೆ ಬಿಡುವುದಿಲ್ಲವಾದ್ದರಿಂದ ಈ ಪತ್ರ.

ಈ ಪ್ಲ್ಯಾನ್‌ನ ಮೆಮೊರಿ ಪೂರ್ತಿ ಮೀಸಲು, ಯಾರ ಜೊತೆಗೂ ಹಂಚಿಕೆ ಇಲ್ಲ ಎಂಬುದು ನಿಮ್ಮ ಸೇವಾ ಒಪ್ಪಂದದ ಮಾತು. ಬರೆದವರು ನೀವೇ ಆದ್ದರಿಂದ ಆ ಕಲಮನ್ನು ಇಲ್ಲಿ ಎತ್ತಿ ಬರೆಯುವ ಗೋಜಿಗೆ ಹೋಗುವುದಿಲ್ಲ.

ಮೊದಲು, ನಿಮ್ಮ 'ಹಿರಿಯ ತಾಂತ್ರಿಕ ಸಿಬ್ಬಂದಿ'ಯೊಬ್ಬರ ಜೊತೆ ನಡೆದ ಮಾತುಕತೆ. ಗುಣಮಟ್ಟಕ್ಕಾಗಿ ಕರೆಯನ್ನು ಧ್ವನಿಮುದ್ರಿಸಲಾಗುತ್ತಿದೆ ಎಂದು ಶುರುವಿನಲ್ಲಿ ನಿಮ್ಮ ಯಂತ್ರವೇ ಹೇಳಿದೆ. ಕೆಳಗಿನ ಒಂದೊಂದು ಮಾತನ್ನೂ ಅದರ ಜೊತೆ ತಾಳೆ ನೋಡಿಕೊಳ್ಳಬಹುದು.

"ಮೇಡಂ, ಪ್ಯಾನೆಲ್‌ನಲ್ಲಿ 94% ತೋರಿಸ್ತಾ ಇದೆ. ಏನೂ ಉಳಿದಿಲ್ಲ."

ಮೆಮೊರಿ ಲೆಕ್ಕ ತೋರಿಸುವ 'ಫ್ರೀ -ಎಂ' ಆದೇಶ ಕೊಟ್ಟು ಮೊದಲ ಸಾಲನ್ನು ಬಿಡಿಬಿಡಿಯಾಗಿ ಓದಿದೆ: ಟೋಟಲ್ 2891, ಯೂಸ್ಡ್ 1012, ಫ್ರೀ 171, ಶೇರ್ಡ್ 38, ಬಫ್/ಕ್ಯಾಶ್ 1708, ಅವೈಲಬಲ್ 1694. ಎಲ್ಲವೂ ಎಂಬಿಯಲ್ಲಿ.

"ನೋಡಿದ್ರಾ, ಫ್ರೀ 171 ಅಷ್ಟೇ ಇರೋದು."

"ಅದನ್ನಲ್ಲ, ಕೊನೇ ಕಾಲಮ್ ನೋಡಿ. ಅವೈಲಬಲ್ 1694 ಇದೆ."

"ಅದೆಲ್ಲ ನೋಡಂಗಿಲ್ಲ ಮೇಡಂ. ಫ್ರೀ ಅಂದ್ರೆ ಫ್ರೀ."

"ಆಯ್ತು. ಟೋಟಲ್ ಯಾಕೆ 2891 ಬರ್ತಿದೆ? ನಾನು ತಗೊಂಡಿರೋದು 4 ಜಿಬಿ."

ಆ ಕಡೆ ಸ್ವಲ್ಪ ಹೊತ್ತು ಕೀಬೋರ್ಡ್ ಸದ್ದು. ಆಮೇಲೆ: "ಮೇಡಂ, ನಿಮ್ಮ ಕಡೆ ಟೆಕ್ನಿಕಲ್ ಆಗಿ ಗೊತ್ತಿರೋ ಸರ್ ಯಾರಾದ್ರೂ ಇದ್ರೆ ಅವರಿಗೆ ಫೋನ್ ಕೊಡ್ತೀರಾ?"

"ಈ ಸರ್ವರ್ ನೋಡ್ಕೊಳ್ಳೋದು ನಾನೇ."

"ಹಂಗಲ್ಲ ಮೇಡಂ, ಅರ್ಥ ಆಗೋರಿದ್ರೆ ಬೇಗ ಮುಗಿಯತ್ತೆ ಅಂತ."

ನಾನು ಫೋನ್ ಯಾರಿಗೂ ಕೊಡದೆ ಇದ್ದುದರಿಂದ ಪಾಠ ಮುಂದುವರಿಯಿತು. ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೋರಿಸುವ 'ಟಾಪ್' ತೆರೆಯಿರಿ ಎಂದರು, ತೆರೆದೆ. 'ವರ್ಟ್' ಕಾಲಮ್ ಓದಿ ಎಂದರು, ಓದಿದೆ. ಮೈಎಸ್‌ಕ್ಯೂಎಲ್‌ನದ್ದು 2.3 ಜಿಬಿ, ಸೈಟ್ ಓಡಿಸುವ ಪಿಎಚ್‌ಪಿ-ಎಫ್‌ಪಿಎಂನ ಎಂಟು ವರ್ಕರ್‌ಗಳದ್ದು ತಲಾ 340 ಎಂಬಿ ಆಸುಪಾಸು. ಎಲ್ಲವನ್ನೂ ಬಾಯಲ್ಲೇ ಕೂಡಿಸಿ, "ನೋಡಿ, 5 ಜಿಬಿ ಆಯ್ತು, ನಿಮ್ಮ ಪ್ಲ್ಯಾನ್ 4 ಜಿಬಿ, ಎಲ್ಲಿಂದ ಸಾಲತ್ತೆ?" ಎಂದರು. 2891 ಎಂಬಿ ಇರುವ ಯಂತ್ರದಲ್ಲಿ, ಮೆಮೊರಿ ಸಾಲದಾಗ ಡಿಸ್ಕ್‌ನಲ್ಲಿ ಬಳಸುವ ಸ್ವಾಪ್ ಜಾಗ ಕೂಡ ಇಲ್ಲದೆ (ನಿಮ್ಮ ಇಮೇಜ್ ಸ್ವಾಪ್ ಇಲ್ಲದೆಯೇ ಬರುತ್ತದೆ, 'ಸ್ವಾಪ್‌ಆನ್ --ಶೋ' ಖಾಲಿ), 5 ಜಿಬಿ ಹೇಗೆ ಕೂತಿದೆ ಎಂದು ಕೇಳಿದ್ದಕ್ಕೆ, "ಅದೇ ಮೇಡಂ ಪ್ರಾಬ್ಲಮ್" ಎಂಬ ಉತ್ತರ ಬಂತು.

ಅಷ್ಟಕ್ಕೇ ಬಿಡಲಿಲ್ಲ. ಲಾಗ್ ನೋಡಲಿ ಎಂದು ನಾನು ಕೊಟ್ಟಿದ್ದ ತಾತ್ಕಾಲಿಕ ಲಾಗಿನ್‌ನಿಂದ ಒಳಗೆ ಬಂದು, ನನ್ನನ್ನು ಒಂದು ಮಾತೂ ಕೇಳದೆ '/ಪ್ರಾಕ್/ಸಿಸ್/ವಿಎಂ/ಡ್ರಾಪ್_ಕ್ಯಾಶಸ್' ಕಡತಕ್ಕೆ 3 ಎಂದು ಬರೆದರು, ಅಂದರೆ ಕ್ಯಾಶ್ ಖಾಲಿ ಮಾಡಿಸಿದರು. ಬರೆದಿಲ್ಲ ಎನ್ನುವಂತಿಲ್ಲ. ಹಾಗೆ ಬರೆದವರ ಪ್ರೋಸೆಸ್ ಹೆಸರು, ಪಿಐಡಿ (ಪ್ರೋಸೆಸ್‌ನ ಸಂಖ್ಯೆ) ಎರಡನ್ನೂ ಲಿನಕ್ಸ್‌ನ ತಿರುಳಾದ ಕರ್ನಲ್ ತನ್ನ ಲಾಗ್‌ನಲ್ಲಿ ಗುರುತು ಹಾಕಿಕೊಳ್ಳುತ್ತದೆ, 'ಡಿಮೆಸೇಜ್' ಕೊಟ್ಟರೆ ಕಾಣುತ್ತದೆ. "ಈಗ ನೋಡಿ ಮೇಡಂ, 42%ಗೆ ಇಳೀತು. ಕ್ಲೀನ್ ಮಾಡಿ ಕೊಟ್ಟಿದೀನಿ."

ಈ ಕ್ಲೀನಿಂಗ್‌ನಿಂದ ಆದದ್ದೇನು ಎಂಬುದನ್ನು ನಿಮ್ಮ ತರಬೇತಿ ವಿಭಾಗಕ್ಕೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ. ಫ್ರೀ 171ರಿಂದ 1689ಕ್ಕೆ ಏರಿತು, ಬಫ್/ಕ್ಯಾಶ್ 1708ರಿಂದ 190ಕ್ಕೆ ಇಳಿಯಿತು. ಅವೈಲಬಲ್ 1694 ಇದ್ದದ್ದು 1698 ಆಯಿತು. ಇಷ್ಟು ಪರಾಕ್ರಮದ ನಿವ್ವಳ ಲಾಭ 4 ಎಂಬಿ. ಡಿಸ್ಕ್‌ನಿಂದ ಓದಿದ ಕಡತಗಳನ್ನು ಲಿನಕ್ಸ್ ಖಾಲಿ ಇರುವ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಯಾವುದಾದರೂ ಪ್ರೋಗ್ರಾಂ ಜಾಗ ಕೇಳಿದ ಕೂಡಲೇ ಅದನ್ನು ಬಿಟ್ಟುಕೊಡುತ್ತದೆ. ಆದ್ದರಿಂದಲೇ ಸ್ವಾಪ್ ಮುಟ್ಟದೆ ಹೊಸ ಪ್ರೋಗ್ರಾಂಗೆ ಎಷ್ಟು ಸಿಗಬಹುದು ಎಂಬ ಅಂದಾಜನ್ನು ಕರ್ನಲ್ ತಾನೇ ಲೆಕ್ಕ ಹಾಕಿ '/ಪ್ರಾಕ್/ಮೆಮ್‌ಇನ್ಫೋ'ದಲ್ಲಿ 'ಮೆಮ್‌ಅವೈಲಬಲ್' ಎಂದು ಕೊಡುತ್ತದೆ. 2014ರಲ್ಲಿ ಬಂದ 3.14ನೇ ಕರ್ನಲ್‌ನಿಂದ ಈ ಸಾಲು ಅಲ್ಲಿದೆ. ನಿಮ್ಮ ಹಿರಿಯ ಸಿಬ್ಬಂದಿಗೆ ಇನ್ನೂ ಕಣ್ಣಿಗೆ ಬಿದ್ದಿಲ್ಲ. ಕ್ಯಾಶ್ ಕಿತ್ತೆಸೆದ ಮೇಲೆ ಪ್ರತಿಯೊಂದು ಕಡತವನ್ನೂ ಡಿಸ್ಕ್‌ನಿಂದ ಮತ್ತೆ ಓದಬೇಕಾಯಿತು. 'ವಿಎಂಸ್ಟ್ಯಾಟ್ 1' ಓಡಿಸಿಟ್ಟಿದ್ದೆ, 'ಬಿಐ' (ಡಿಸ್ಕ್‌ನಿಂದ ಓದುವುದು) ಮತ್ತು 'ಡಬ್ಲ್ಯುಎ' (ಡಿಸ್ಕ್‌ಗಾಗಿ ಕಾಯುವುದು) ಕಾಲಮ್‌ಗಳು ಕೂಡಲೇ ಮೇಲೇರಿದವು, ಸೈಟ್ ತೆವಳತೊಡಗಿತು.

'ವರ್ಟ್' ಕೂಡಿಸುವ ವಿದ್ಯೆಯ ಬಗ್ಗೆ ಒಂದೇ ಮಾತು. ಅದು ಪ್ರೋಗ್ರಾಂ ಕಾಯ್ದಿರಿಸಿದ ವಿಳಾಸಗಳ ಅಳತೆ, ರ್‍ಯಾಮ್‌ನಲ್ಲಿ ನಿಜಕ್ಕೂ ಕೂತದ್ದರ ಅಳತೆಯಲ್ಲ. ಕೂತದ್ದು 'ರೆಸ್' ಕಾಲಮ್‌ನಲ್ಲಿರುತ್ತದೆ. ಅದನ್ನೂ ಸುಮ್ಮನೆ ಕೂಡಿಸುವಂತಿಲ್ಲ, ಏಕೆಂದರೆ ಎಂಟು ವರ್ಕರ್‌ಗಳು ಹಂಚಿಕೊಂಡ ಒಂದೇ ಪುಟ (ಮೆಮೊರಿಯ ತುಂಡು) ಎಂಟು ಸಲ ಎಣಿಕೆಗೆ ಬರುತ್ತದೆ. ಇಲ್ಲಿ ವರ್ಕರ್‌ಗಳ 'ರೆಸ್' ಕೂಡಿಸಿದರೆ 568 ಎಂಬಿ. ಹಂಚಿಕೆಯನ್ನು ಭಾಗಿಸಿ ಲೆಕ್ಕ ಹಿಡಿಯುವ 'ಪಿಎಸ್‌ಎಸ್' ಅಂಕಿಯನ್ನು ಪ್ರತಿ ಪಿಐಡಿಯ 'ಸ್ಮ್ಯಾಪ್ಸ್_ರೋಲಪ್' ಕಡತದಿಂದ ತೆಗೆದು ಕೂಡಿಸಿದರೆ 214.

ಇನ್ನು ಅಸಲು ವಿಷಯ, ಅಂದರೆ ಫೋನ್ ಬೇರೆಯವರಿಗೆ ಕೊಡಿ ಎನ್ನುವಂತೆ ಮಾಡಿದ ಆ ಪ್ರಶ್ನೆ: ಟೋಟಲ್ ಯಾಕೆ 2891?

ಸರ್ವರ್ ರೀಬೂಟ್ ಆದ ತಕ್ಷಣ 'ಫ್ರೀ -ಎಂ' ತೋರಿಸುವ ಟೋಟಲ್ 3915. 4096ಕ್ಕೂ ಅದಕ್ಕೂ ಇರುವ ವ್ಯತ್ಯಾಸ ಕರ್ನಲ್ ತನಗೆಂದು ತೆಗೆದಿಟ್ಟುಕೊಂಡದ್ದು, ಅದರ ಬಗ್ಗೆ ನನ್ನ ತಕರಾರಿಲ್ಲ. ಬೂಟ್ ಸಂದೇಶದಲ್ಲೂ ಒಟ್ಟು ಮೆಮೊರಿ 4193780ಕೆ ಎಂದೇ ಇದೆ. ಆದರೆ ರೀಬೂಟ್ ಇಲ್ಲದೆ, ಯಾರೂ ಏನೂ ಮುಟ್ಟದೆ, ಹೊತ್ತು ಹೋದಂತೆ ಅದೇ ಟೋಟಲ್ ಕರಗಿ 2891ಕ್ಕೆ ಬರುತ್ತದೆ. ಸರಿಯಾಗಿ 1024 ಎಂಬಿ ಕಡಿಮೆ. ಪ್ರೋಗ್ರಾಂ ಎಷ್ಟೇ ತಿಂದರೂ ಏರುವುದು ಯೂಸ್ಡ್, ಟೋಟಲ್ ಇಳಿಯುವುದಿಲ್ಲ. ಓಡುತ್ತಿರುವ ವರ್ಚುವಲ್ ಯಂತ್ರದಲ್ಲಿ ಟೋಟಲ್ ಇಳಿದರೆ ಮೊದಲು ನೋಡಬೇಕಾದ ಜಾಗ ಬಲೂನ್ ಡ್ರೈವರ್, ಅಂದರೆ ಸರ್ವರ್‌ನ ಒಳಗೆ ಉಬ್ಬಿ ಅದರ ಮೆಮೊರಿಯನ್ನು ಹೋಸ್ಟ್‌ಗೆ (ಈ ವರ್ಚುವಲ್ ಯಂತ್ರಗಳನ್ನು ಓಡಿಸುವ ನಿಮ್ಮ ಅಸಲಿ ಯಂತ್ರಕ್ಕೆ) ಹಿಂದಿರುಗಿಸುವ ಭಾಗ. ಡ್ರೈವರ್‌ಗಳ ಪಟ್ಟಿ ತೋರಿಸುವ 'ಎಲ್‌ಎಸ್‌ಮಾಡ್' ಕೊಟ್ಟರೆ 'ವರ್ಟಿಯೋ_ಬಲೂನ್' ಅಲ್ಲೇ ಕೂತಿದೆ. '/ಪ್ರಾಕ್/ವಿಎಂಸ್ಟ್ಯಾಟ್' ಕಡತವನ್ನು 'ಬಲೂನ್' ಎಂದು ಗ್ರೆಪ್ ಮಾಡಿ ಹುಡುಕಿದರೆ:

ಬಲೂನ್_ಇನ್‌ಫ್ಲೇಟ್ 393216
ಬಲೂನ್_ಡಿಫ್ಲೇಟ್ 131072

ಮೊದಲನೆಯದು ಕಿತ್ತುಕೊಂಡದ್ದು, ಎರಡನೆಯದು ಮರಳಿಸಿದ್ದು, ವ್ಯತ್ಯಾಸ 262144 ಪುಟ. ಒಂದು ಪುಟ 4 ಕೆಬಿ, ಒಟ್ಟು 1024 ಎಂಬಿ. ಕಳುವಾದ ಮಾಲಿನ ಲೆಕ್ಕ ಇಷ್ಟು ಚೊಕ್ಕವಾಗಿ ಸಿಗುವುದು ಅಪರೂಪ. ಬಲೂನನ್ನು ಉಬ್ಬಿಸು ಎಂಬ ಆದೇಶ ಸರ್ವರ್‌ನ ಒಳಗಿನಿಂದ ಬರುವುದಿಲ್ಲ, ಹೋಸ್ಟ್‌ನಿಂದಲೇ ಬರಬೇಕು. ಅಂದರೆ ನಿಮ್ಮಿಂದ. ಹೋಸ್ಟ್‌ನಲ್ಲಿ ಇರುವುದಕ್ಕಿಂತ ಹೆಚ್ಚು ಮೆಮೊರಿ ಮಾರಿ, ಎಲ್ಲರೂ ಒಟ್ಟಿಗೆ ಕೇಳಿದಾಗ ಒಬ್ಬೊಬ್ಬರದ್ದನ್ನೂ ಒಳಗಿಂದ ಹಿಂಡಿ ತೆಗೆಯುವುದು, ಒಂದೇ ಕೋಣೆಯನ್ನು ಇಬ್ಬರಿಗೆ ಬಾಡಿಗೆಗೆ ಕೊಟ್ಟು ರಾತ್ರಿ ಒಬ್ಬರ ಮಂಚ ಹೊರಗೆ ಹಾಕಿದ ಹಾಗೆ. 'ಮೀಸಲು' ಎಂಬುದಕ್ಕೆ ನಿಮ್ಮ ಒಪ್ಪಂದದಲ್ಲಿ ಬೇರೆ ಅರ್ಥವಿದ್ದರೆ ತಿಳಿಸಿ.

ಮೈಎಸ್‌ಕ್ಯೂಎಲ್ ಸಾಯುವುದು ಇದೇ ಕಾರಣಕ್ಕೆ. ರಾತ್ರಿ ವರದಿ ತಯಾರಾಗುವ ಕೆಲಸವೂ ಬ್ಯಾಕಪ್ಪೂ ಒಟ್ಟಿಗೆ ಓಡುವಾಗ ಯೂಸ್ಡ್ ಸುಮಾರು 3150 ಮುಟ್ಟುತ್ತದೆ. ಟೋಟಲ್ 3915 ಇದ್ದ ರಾತ್ರಿ ಅದು ಏರಿ, ಕೆಲಸ ಮುಗಿದು, ಇಳಿದುಹೋಗುತ್ತದೆ. 2891 ಇದ್ದ ರಾತ್ರಿ ಎಲ್ಲಿಗೂ ಏರಲಾಗದೆ ಕರ್ನಲ್‌ನ ಊಮ್ (ಔಟ್ ಆಫ್ ಮೆಮೊರಿ) ಕಿಲ್ಲರ್ ಎದ್ದು, ಎಲ್ಲರಿಗಿಂತ ದೊಡ್ಡ ಪ್ರೋಸೆಸ್ಸನ್ನು ಆರಿಸಿ ಕೊಲ್ಲುತ್ತದೆ. 'ಡಿಮೆಸೇಜ್ -ಟಿ' ಸಾಲು ಹೀಗಿದೆ: ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೋಸೆಸ್ 1187 (ಮೈಎಸ್‌ಕ್ಯೂಎಲ್‌ಡಿ), ಅನಾನ್-ಆರ್‌ಎಸ್‌ಎಸ್ (ಅದು ಹಿಡಿದಿದ್ದ ಮೆಮೊರಿ) 1318420ಕೆಬಿ. ನಾನೇ ಹಾಕಿಕೊಂಡ ಮಿತಿಯಿಂದ ಸತ್ತಿದ್ದರೆ ಸಾಲಿನ ಶುರುವಿಗೆ 'ಮೆಮೊರಿ ಸಿಗ್ರೂಪ್' ಎಂದು ಇರುತ್ತಿತ್ತು. ಇಲ್ಲ.

ನಿಮ್ಮ ಪ್ಯಾನೆಲ್‌ನ 94% ಎಲ್ಲಿಂದ ಬರುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ, ಯಾರೂ ಕೇಳದಿದ್ದರೂ. ನಿಮ್ಮ ಸಹಾಯ ಪುಟದ ಪ್ರಕಾರ ನೀವು ಬಳಸುವುದು ವರ್ಚುವಲ್ ಯಂತ್ರ ಓಡಿಸುವ ಕೆವಿಎಂ ಮತ್ತು ಅದನ್ನು ನಿಭಾಯಿಸುವ ಲಿಬ್‌ವರ್ಟ್. ಹೋಸ್ಟ್‌ನಲ್ಲಿ 'ವಿರ್ಶ್ ಡೊಮ್‌ಮೆಮ್‌ಸ್ಟ್ಯಾಟ್' ಕೊಟ್ಟರೆ ಬರುವ 'ಅವೈಲಬಲ್' ಅಂದರೆ ಗೆಸ್ಟ್‌ಗೆ (ನನ್ನ ಸರ್ವರ್‌ನಂಥ ವರ್ಚುವಲ್ ಯಂತ್ರಕ್ಕೆ) ಕಾಣುವ ಒಟ್ಟು ಮೆಮೊರಿ, 'ಅನ್‌ಯೂಸ್ಡ್' ಅಂದರೆ ಬರೀ ಫ್ರೀ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ 2720, ಅದೇ ನಿಮ್ಮ 94%. ಕ್ಯಾಶನ್ನೂ ಬಳಕೆಯೆಂದು ಎಣಿಸಿ, ಆ ಶೇಕಡಾವಾರು ತೋರಿಸಿ ದೊಡ್ಡ ಪ್ಲ್ಯಾನ್ ಮಾರುತ್ತಿದ್ದೀರಿ. ನೋಡಬೇಕಾದದ್ದು ಅದೇ ಪಟ್ಟಿಯಲ್ಲಿರುವ 'ಯೂಸಬಲ್', ನಿಜಕ್ಕೂ ಸಿಗುವ ಮೆಮೊರಿ. ಅದೇ ಪಟ್ಟಿಯ ಮೊದಲಲ್ಲಿ 'ಆಕ್ಚುವಲ್' ಎಂಬ ಅಂಕಿ ಇರುತ್ತದೆ, ಬಲೂನ್ ಈಗ ಗೆಸ್ಟ್‌ಗೆ ಬಿಟ್ಟುಕೊಟ್ಟಿರುವ ಮೆಮೊರಿ ಅದು. ನನ್ನ ಯಂತ್ರಕ್ಕೆ ಅಲ್ಲಿ 4194304 (ಕೆಬಿ ಲೆಕ್ಕದಲ್ಲಿ 4 ಜಿಬಿ) ಇರಬೇಕು. ಇಲ್ಲದಿದ್ದರೆ ಈ ಪತ್ರವನ್ನು ಇನ್ನೊಮ್ಮೆ ಮೊದಲಿನಿಂದ ಓದಿ.

ಸರಿಪಡಿಸಲು ಸರ್ವರ್ ನಿಲ್ಲಿಸಬೇಕಾಗಿಯೂ ಇಲ್ಲ. 'ವಿರ್ಶ್ ಸೆಟ್‌ಮೆಮ್' ಆದೇಶದಲ್ಲಿ 4194304 ಕೊಟ್ಟು, ಜೊತೆಗೆ '--ಲೈವ್ --ಕಾನ್ಫಿಗ್' ಹಾಕಿದರೆ ಬಲೂನ್ ಇಳಿಯುತ್ತದೆ, ರೀಬೂಟ್ ಆದ ಮೇಲೂ ಹಾಗೇ ಇರುತ್ತದೆ. ಮತ್ತೆ ಹಿಂಡುವ ನಿಮ್ಮ ಸ್ಕ್ರಿಪ್ಟ್ ಯಾವುದೋ ಅದರಿಂದ ನನ್ನ ಯಂತ್ರವನ್ನು ಬಿಡಿಸಿ. ಡೇಟಾಬೇಸ್ ನಿಂತ ಹೊತ್ತಿಗೆ ನಿಮ್ಮ ಒಪ್ಪಂದದಂತೆ ಕೊಡಬೇಕಾದ ಪರಿಹಾರವನ್ನು ಖಾತೆಗೆ ಜಮಾ ಮಾಡಿ. ಪ್ಲ್ಯಾನ್ ದೊಡ್ಡದು ಮಾಡಿ ಎಂಬ ಉತ್ತರವನ್ನು ದಯವಿಟ್ಟು ಕಳುಹಿಸಬೇಡಿ. 8 ಜಿಬಿ ತೆಗೆದುಕೊಂಡರೆ ಅದರಿಂದ 2 ಜಿಬಿ ಎತ್ತುವುದಿಲ್ಲ ಎಂದು ನಂಬಲು ನನಗೆ ಕಾರಣ ಕಾಣುತ್ತಿಲ್ಲ.

ಈಗ ಸರ್ವರ್‌ನಲ್ಲಿ ಒಂದು ಕ್ರಾನ್ ಓಡುತ್ತಿದೆ. ನಿಮಿಷಕ್ಕೊಮ್ಮೆ ಮೆಮ್‌ಟೋಟಲ್, ಮೆಮ್‌ಅವೈಲಬಲ್ ಮತ್ತು ಬಲೂನ್‌ನ ಎರಡೂ ಎಣಿಕೆಗಳನ್ನು ಹೊತ್ತಿನ ಸಮೇತ ಬರೆದು ಬೇರೆ ಯಂತ್ರಕ್ಕೆ ಕಳಿಸುತ್ತದೆ, ಆದ್ದರಿಂದ ಇದನ್ನು ಅಳಿಸಲು ಯಾರಿಗೂ ಶ್ರಮ ಬೇಡ. ತಾತ್ಕಾಲಿಕ ಲಾಗಿನ್ ರದ್ದಾಗಿದೆ. ಏಳು ದಿನದೊಳಗೆ ಟೋಟಲ್ 3915ಕ್ಕೆ ಬಂದು ಅಲ್ಲೇ ನಿಲ್ಲದಿದ್ದರೆ ಈ ದಾಖಲೆ, ನಿಮ್ಮ ಒಪ್ಪಂದದ ಪ್ರತಿ, ನೀವೇ ಧ್ವನಿಮುದ್ರಿಸಿಕೊಂಡ ಆ ಕರೆಯನ್ನು ಹಾಜರುಪಡಿಸಬೇಕೆಂಬ ಕೋರಿಕೆ, ಮೂರೂ ಗ್ರಾಹಕ ಆಯೋಗಕ್ಕೆ ಹೋಗುತ್ತವೆ. ಕಾರ್ಡ್‌ನಿಂದ ಕಡಿತವಾದ ಹಣಕ್ಕೆ ಬ್ಯಾಂಕಿನಲ್ಲೂ ತಕರಾರು ಹಾಕುತ್ತೇನೆ. ಬಲೂನ್ ಎಣಿಕೆ ನೋಡುವುದು ಹೇಗೆಂದು ನಿಮ್ಮ ಬೇರೆ ಗ್ರಾಹಕರಿಗೂ ತಿಳಿಸುತ್ತೇನೆ. ಅವರಲ್ಲಿ ಎಷ್ಟು ಜನರ ಟೋಟಲ್ ಸರಿಯಾಗಿದೆ ಎಂದು ನೋಡಲು ನನಗೂ ಕುತೂಹಲ.

ಡೇಟಾದ ಪ್ರತಿ ಆಗಲೇ ಬೇರೆಡೆ ಹೋಗಿ ಕೂತಿದೆ, ರೆಪ್ಲಿಕೇಶನ್ ನಡೆಯುತ್ತಿದೆ. ಡಿಎನ್‌ಎಸ್‌ನ ಟಿಟಿಎಲ್ ಅನ್ನು 300 ಸೆಕೆಂಡಿಗೆ ಇಳಿಸಿಟ್ಟಿದ್ದೇನೆ, ಅಂದರೆ ಸೈಟನ್ನು ಸುಮಾರು ಐದು ನಿಮಿಷದಲ್ಲಿ ಬೇರೆ ಕಡೆಗೆ ತಿರುಗಿಸಬಹುದು.

ಇತಿ,
ಸದ್ಯಕ್ಕೆ ನಿಮ್ಮ ಗ್ರಾಹಕಿ